ದುರ್ಬೀನಿನ ಕಾಲು, ಮನೆಯ ಗೋಡೆ

ಮೊಮ್ಮಗಳು ಸುಧಾ ರೋಣದ ನಮ್ಮ ಮನೆಯ ತಾರಸಿಯ ಮೇಲೆ ಒಂದು ದುರ್ಬೀನು ತಂದಿಟ್ಟಿದ್ದಾಳೆ. ಗದಗಿನ ಕಾಲೇಜಿನಲ್ಲಿ ವಿಜ್ಞಾನ ಓದುತ್ತಾಳೆ. ರಜೆಗೆ ಬಂದರೆ ಹೊತ್ತು ಮುಳುಗಿದೊಡನೆ ಅದರ ಮುಂದೆ ಕೂಡುತ್ತಾಳೆ. ದುರ್ಬೀನಿನೊಳಗೆ ನೋಡುವುದು ಕಡಿಮೆ, ಅದರ ಕಾಲಿನ ಜೊತೆ ಗುದ್ದಾಡುವುದೇ ಹೆಚ್ಚು. ಮೂರು ಕಾಲು, ಅದರ ಮೇಲೊಂದು ಓರೆಯಾದ ಕೀಲು, ಕೀಲಿಗೆ ಅತ್ತ ಇತ್ತ ತಿರುಪುಗಳು. ಒಂದನ್ನು ಸಡಿಲಿಸುತ್ತಾಳೆ, ಇನ್ನೊಂದನ್ನು ಬಿಗಿಯುತ್ತಾಳೆ, ಬಗ್ಗಿ ಕಣ್ಣಿಡುತ್ತಾಳೆ, ಉಸ್ಸೆಂದು ಮತ್ತೆ ಮೊದಲಿನಿಂದ ಶುರು ಮಾಡುತ್ತಾಳೆ. ಮೊನ್ನೆ ಅವಳಿಗೆ ಚಹಾ ಕೊಡಲು ಮೆಟ್ಟಿಲು ಹತ್ತಿ ಹೋಗಿದ್ದೆ. ನನ್ನ ಮಂಡಿಗೆ ಆ ಮೆಟ್ಟಿಲು ಬೇಡ, ಆದರೂ ಹತ್ತಿದೆ.

"ಅಜ್ಜಿ, ಇದರ ಒಂದು ಅಚ್ಚು ಸೀದಾ ಧ್ರುವ ನಕ್ಷತ್ರಕ್ಕ ನಿಲ್ಲಬೇಕು ನೋಡು. ಆವಾಗ ಮಾತ್ರ ಚಿಕ್ಕಿ ಓಡಿ ಹೋಗೂದಿಲ್ಲ."

"ಗೊತ್ತೈತಿ."

"ನಿನಗ ಹ್ಯಾಂಗ ಗೊತ್ತು?"

"ನಮ್ಮ ಮನ್ಯಾಗ ಇತ್ತು ಇಂಥಾದ್ದು. ಗಜೇಂದ್ರಗಡದಾಗ. ನಿಮ್ಮವ್ವ ಹುಟ್ಟೂಕಿಂತ ಮೊದಲ."

ಅವಳು ನಕ್ಕಳು, ನಂಬಲಿಲ್ಲ. ನೇಕಾರರ ಮನೆಯಲ್ಲಿ ದುರ್ಬೀನು ಎಲ್ಲಿಂದ ಬರಬೇಕು ಎಂದುಕೊಂಡಿರಬೇಕು. ನನಗೂ ದಣಿವು, ಹೇಳುತ್ತ ನಿಲ್ಲಲು ಆಗಲಿಲ್ಲ. ಕೆಳಗೆ ಬಂದು ಕೂತ ಮೇಲೆ, ಹೇಳುವುದಕ್ಕಿಂತ ಬರೆಯುವುದೇ ಸುಲಭ ಅನ್ನಿಸಿತು. ನಾಲ್ಕನೆಯ ಇಯತ್ತೆ ಮುಗಿಯುವ ಮೊದಲೇ ನನ್ನನ್ನು ಸಾಲಿ ಬಿಡಿಸಿದರು. ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತಲು ಕೈ ಬೇಕಾಗಿತ್ತು. ಅಕ್ಷರ ಮಾತ್ರ ಮರೆತಿಲ್ಲ.

ನಮ್ಮ ಮನೆ ನೇಕಾರರ ಓಣಿಯಲ್ಲಿತ್ತು. ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ. ಬಾಗಿಲು ದಾಟಿದರೆ ಪಡಸಾಲೆ, ಅದರ ಪಕ್ಕಕ್ಕೆ ಮಗ್ಗದ ಕೋಣೆ, ಹಿಂದೆ ಅಡಿಗೆಮನೆ, ಅದರ ಹಿಂದೆ ಬಚ್ಚಲು, ಬಚ್ಚಲಿನ ಆಚೆ ನೆರೆಯವರ ದೊಡ್ಡ ಬೇವಿನ ಮರ. ಅಷ್ಟೇ. ಎಲ್ಲದರಲ್ಲೂ ದೊಡ್ಡದು ಮಗ್ಗದ ಕೋಣೆ. ಮನುಷ್ಯರು ಉಳಿದ ಜಾಗದಲ್ಲಿ ಹೊಂದಿಕೊಳ್ಳಬೇಕು. ನೆಲದಲ್ಲಿ ಕುಣಿ ತೋಡಿ ಹೂಡಿದ ಮಗ್ಗ ಅದು. ಅಪ್ಪ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ಬೆಳಗಿನಿಂದ ದೀಪ ಹಚ್ಚುವ ತನಕ ಲಾಳಿ ಎಸೆಯುತ್ತಿದ್ದ. ಮನೆಯ ಗೋಡೆಗಳೆಲ್ಲ ಹಂಚಿಹೋಗಿದ್ದವು. ಪಡಸಾಲೆಯ ಗೋಡೆ ಅಜ್ಜನದು. ಅಲ್ಲಿ ಅವನ ತಲೆಯ ಎಣ್ಣೆಯ ಕಲೆ ಇತ್ತು. ಅಡಿಗೆಮನೆಯ ಬಾಗಿಲ ಪಕ್ಕದ ಕಂಬ ಆಯಿಯದು, ಎಂದರೆ ಅಪ್ಪನ ಅವ್ವನದು. ಅಲ್ಲಿಂದ ಅವಳಿಗೆ ಒಲೆಯೂ ಕಾಣುತ್ತಿತ್ತು, ಬೀದಿಯೂ ಕಾಣುತ್ತಿತ್ತು. ಮಗ್ಗದ ಕೋಣೆಯ ಗೋಡೆಗಳಿಗೆ ನೂಲಿನ ಲಡಿಗಳು. ಅವ್ವ ಒಲೆಯ ಮುಂದೆ ಕೂಡುವುದನ್ನು ನೋಡಿದ್ದೆ, ರಾಟಿಯ ಮುಂದೆ ಕೂಡುವುದನ್ನು ನೋಡಿದ್ದೆ, ಬಚ್ಚಲ ಕಲ್ಲಿನ ಮುಂದೆ ಕುಕ್ಕುರುಗಾಲಿನಲ್ಲಿ ಕೂಡುವುದನ್ನೂ ನೋಡಿದ್ದೆ. ಬೆನ್ನು ಒರಗಿಸಿ ಕೂಡುವುದನ್ನು ಮಾತ್ರ ನೋಡಿರಲಿಲ್ಲ. ಒರಗಲು ಅವಳಿಗೆ ಗೋಡೆ ಉಳಿದಿರಲಿಲ್ಲ.

ಆ ಮನೆಯ ಬಗ್ಗೆ ಅಜ್ಜನಿಗೆ ಬಹಳ ಹೆಮ್ಮೆ. ಯಾರೇ ಬಂದು ಪಡಸಾಲೆಯಲ್ಲಿ ಕೂತರೂ ನೀರು ಕುಡಿಯುವ ಮೊದಲೇ ಆ ಕತೆ ಕೇಳಬೇಕು. ಅವನ ಅಪ್ಪ ಈ ಮನೆಯ ಬುನಾದಿಗೆ ದಾರ ಹಿಡಿದದ್ದು ನಸುಕಿನಲ್ಲಿ, ಧ್ರುವನನ್ನು ನೋಡಿ. ದಾರದ ಒಂದು ತುದಿ ಆ ಮುತ್ತಜ್ಜನ ಕೈಯಲ್ಲಿ, ಇನ್ನೊಂದು ತುದಿ ಆಗ ಸಣ್ಣವನಿದ್ದ ಅಜ್ಜನ ಕೈಯಲ್ಲಿ. ಅದಕ್ಕೇ ಗೋಡೆ ಬಡಗಣಕ್ಕೆ ಕೂದಲಷ್ಟೂ ತಪ್ಪಿಲ್ಲ, ಗೋಡೆ ಹಿಡಿದು ಹೂಡಿದ ಮಗ್ಗವೂ ತಪ್ಪಿಲ್ಲ.

"ಗಡದಾಗ ಧ್ರುವನ ಮನಿ ಅಂದ್ರ ಇದೊಂದ ನೋಡ್ರಿ. ಉಳಿದವರೆಲ್ಲಾ ಓಣಿ ನೋಡಿ ಕಟ್ಟ್ಯಾರ."

ಇದನ್ನು ಕೇಳಿ ಕೇಳಿ ನಾನು ನಿದ್ದೆಯಲ್ಲೂ ಹೇಳಬಲ್ಲವಳಾಗಿದ್ದೆ. ಕತೆ ಕತೆಯಾಗಿಯೇ ಉಳಿದಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಆದರೆ ನನ್ನ ಬೆನ್ನಿಗೆ ಹುಟ್ಟಿದ ಎರಡು ಗಂಡುಕೂಸುಗಳು ಹೆಸರಿಡುವ ಮೊದಲೇ ಹೋದವು. ಮೊದಲನೆಯದಕ್ಕೆ ಅತ್ತರು. ಎರಡನೆಯದಕ್ಕೆ ಅಳುವುದರ ಜೊತೆಗೆ ಕಾರಣವನ್ನೂ ಹುಡುಕಿದರು. ದೇವರ ತಪ್ಪು ಎನ್ನುವಂತಿಲ್ಲ, ವಾರ ತಪ್ಪದೆ ಪೂಜೆ ಆಗುತ್ತಿತ್ತು. ಮನೆಯ ತಪ್ಪಂತೂ ಅಲ್ಲವೇ ಅಲ್ಲ, ಅದು ಧ್ರುವನ ಮನೆ. ಉಳಿದವಳು ಶಿರೋಳದಿಂದ ಬಂದ ನನ್ನ ಅವ್ವ ನೀಲವ್ವ. ಆಯಿ ಒಳ್ಳೆಯ ಲೆಕ್ಕದವಳು. ಮದುವೆಯ ದಿನ ಮನೆ ತುಂಬುವಾಗ ಸೊಸೆ ಎಡಗಾಲು ಮುಂದಿಟ್ಟಿದ್ದಳೆಂದು ಅಷ್ಟು ವರ್ಷಗಳ ಮೇಲೆ ಅವಳಿಗೆ ನೆನಪಾಯಿತು.

"ನೆಟ್ಟಗಿದ್ದ ಮನಿಗೆ ಸೊಟ್ಟ ಕಾಲ ಬಂತು," ಎಂದು ಕಂಬಕ್ಕೆ ಒರಗಿಕೊಂಡು ಹೇಳುತ್ತಿದ್ದಳು. ಅವ್ವನಿಗೇ ಅಂತಲ್ಲ, ಜೋಳ ಆರಿಸುತ್ತ ಜೋಳಕ್ಕೆ ಹೇಳಿದ ಹಾಗೆ.

ಇದರ ಮುಂದಿನ ಹೆಜ್ಜೆ ಏನೆಂದು ಆ ಕಾಲದ ಎಲ್ಲರಿಗೂ ಗೊತ್ತು. ಅಪ್ಪನಿಗೆ ಇನ್ನೊಂದು ಮದುವೆ. ಹೊಳೆಮಣ್ಣೂರಿನಲ್ಲಿ ಆಯಿಯ ತಮ್ಮನ ಪೈಕಿ ಒಬ್ಬ ಹುಡುಗಿ ಇದ್ದಳು. ಹಿಂದಿನ ಮಳೆಗಾಲ ಹೊಳೆ ಮನೆಯೊಳಗೆ ನುಗ್ಗಿ ಅವರು ಸೋತುಹೋಗಿದ್ದರು, ಎರಡನೆಯ ಸಂಬಂಧಕ್ಕೂ ಒಪ್ಪಿದರು. ಬರುವ ಅಮವಾಸ್ಯೆ ಕಳೆದ ಮರುದಿನ ಎಲೆ ಅಡಿಕೆ ಹಿಡಿದು ಮಾತು ಮುಗಿಸಲು ಅವರು ಬರುವುದೆಂದಾಯಿತು. ಇದನ್ನು ಅವ್ವನಿಗೆ ಯಾರೂ ಕರೆದು ಹೇಳಲಿಲ್ಲ. ಆಯಿ ಅವಳಿಗೆ ಒಳ್ಳೆಯ ಅಕ್ಕಿ ತೆಗೆದಿಡಲು ಹೇಳಿದಳು, ಅದರಿಂದಲೇ ತಿಳಿಯಿತು. ಅಂದು ಮಧ್ಯಾಹ್ನ ಅವ್ವ ಮಗ್ಗದ ಕೋಣೆಗೆ ಬಂದು ನಿಂತಳು. ನಾನು ಅಲ್ಲೇ ರಾಟಿ ತಿರುವುತ್ತಿದ್ದೆ.

"ಹೊಳೆಮಣ್ಣೂರಿನವರು ಬರ್ತಾರಂತ. ನೀವೇನಂತೀರಿ?"

ಅಪ್ಪ ಲಾಳಿ ಎಸೆದ. "ನಾ ಏನನ್ಲಿ? ಅಪ್ಪ ಹೇಳಿದಂಗ."

"ಆಕಿ ಬಂದ್ರ ನಾ ಎಲ್ಲಿರ್ಲಿ?"

"ಇಲ್ಲೇ ಇರು. ನಿನಗ ಯಾರ ಹೋಗಂತಾರ?"

"ಇಲ್ಲೇ ಅಂದ್ರ, ಎಲ್ಲೆ?"

ಅಪ್ಪನ ಕೈ ನಿಂತಿತು. ಮಗ್ಗ ನಿಂತದ್ದರಿಂದ ಮನೆಯೆಲ್ಲ ಒಮ್ಮೆಲೇ ಸುಮ್ಮನಾಯಿತು. ಅವನು ನಿಜವಾಗಿಯೂ ಕೋಣೆಯನ್ನು ಸುತ್ತ ನೋಡಿದ, ಗೋಡೆಯಿಂದ ಗೋಡೆಗೆ, ಜಾಗ ಹುಡುಕುವವನಂತೆ. ಇರಲಿಲ್ಲ. ಮತ್ತೆ ಲಾಳಿ ಎಸೆದ. ಅವ್ವ ಅಡಿಗೆಮನೆಗೆ ಹೋದಳು. ಅವಳ ತವರಿನಲ್ಲಿ ಇದ್ದದ್ದು ಅಣ್ಣ ಮತ್ತು ಅಣ್ಣನ ಹೆಂಡತಿ. ನೆಂಟಳಾಗಿ ಹೋದರೆ ಎರಡು ದಿನ ರೊಟ್ಟಿಯ ಮೇಲೆ ಬೆಣ್ಣೆ, ಮೂರನೆಯ ದಿನ ಬರೀ ರೊಟ್ಟಿ, ಆಮೇಲೆ ಬರೀ ಗಂಟಿಕ್ಕಿದ ಮಾರಿ.

ಈಗ ದುರ್ಬೀನಿನ ಮಾತು. ಅದನ್ನು ತಂದವನು ಶಿವಪುತ್ರ ಕಾಕಾ, ಅಪ್ಪನ ತಮ್ಮ. ಸೊಲ್ಲಾಪುರದ ಗಿರಣಿಯಲ್ಲಿ ಕೆಲವು ವರ್ಷ ದುಡಿದು, ಅಲ್ಲಿನ ಧೂಳಿಗೆ ಕೆಮ್ಮು ಹಿಡಿದು ಮನೆಗೆ ಬಂದವನು. ಬರುವಾಗ ಎಲ್ಲರೂ ಚಾದರ ತರುತ್ತಾರೆ. ಇವನು ಹಳೆ ಸಾಮಾನಿನ ಬಜಾರಿನಿಂದ ಮೊಳದುದ್ದದ ಹಿತ್ತಾಳೆ ಕೊಳವೆ ತಂದ. ಅದರಲ್ಲಿ ಗುಡ್ಡದ ಮೇಲಿನ ಆಡು ಎದುರಿಗೇ ಬಂದು ನಿಂತ ಹಾಗೆ ಕಾಣುತ್ತಿತ್ತು. ಎರಡು ದಿನ ಓಣಿಯವರೆಲ್ಲ ಬಂದು ಆಡು ನೋಡಿದರು. ಆಮೇಲೆ ಕಾಕಾ ಅದನ್ನು ಆಕಾಶಕ್ಕೆ ಹಿಡಿದ, ಅಲ್ಲಿಗೆ ಉಳಿದವರ ಆಸೆ ಮುಗಿಯಿತು. ಆಕಾಶದಲ್ಲಿ ಅದರೊಳಗೆ ಯಾವುದೂ ನಿಲ್ಲುವುದಿಲ್ಲ. ಚಿಕ್ಕಿ ಈ ಕಡೆಯಿಂದ ಬರುತ್ತದೆ, ಆ ಕಡೆ ಜಾರಿ ಹೋಗುತ್ತದೆ. ಹೋಗುವುದು ಚಿಕ್ಕಿಯಲ್ಲ, ತಿರುಗುವುದು ನಾವು ನಿಂತ ನೆಲ ಎಂದು ಊರ ಸಾಲಿಯ ಭೂಗೋಳದ ಮಾಸ್ತರರು ಅವನಿಗೆ ತಿಳಿಸಿ ಹೇಳಿದರು. ಉಪಾಯವನ್ನೂ ಹೇಳಿದರು. ಕೊಳವೆಯನ್ನು ಒಂದು ಅಚ್ಚಿಗೆ ಕಟ್ಟಬೇಕು, ಆ ಅಚ್ಚಿನ ಬಡಗಣ ತುದಿಯನ್ನು ಧ್ರುವನಿಗೆ ಗುರಿ ಹಿಡಿದು ಓರೆಯಾಗಿ ಎತ್ತಬೇಕು. ಆಗ ಅದೊಂದು ಅಚ್ಚನ್ನು ಮೆಲ್ಲಗೆ ತಿರುವುತ್ತ ಹೋದರೆ ಸಾಕು, ಚಿಕ್ಕಿ ಕೊಳವೆಯೊಳಗೇ ಇರುತ್ತದೆ.

ಕಾಕಾ ಮನೆಯಲ್ಲಿದ್ದ ಸಾಮಾನಿನಿಂದಲೇ ಎಲ್ಲವನ್ನೂ ಮಾಡಿದ. ನೇಯ್ದ ಸೀರೆ ಸುತ್ತಿಕೊಳ್ಳುವ ಹಳೆಯ ಮರ ಒಂದು ಮೂಲೆಯಲ್ಲಿ ಬಿದ್ದಿತ್ತು, ಅದೇ ಅಚ್ಚಾಯಿತು. ಮುರಿದ ರಾಟಿಯ ಹಿಡಿಕೆ ಅದಕ್ಕೆ ಹಿಡಿಕೆಯಾಯಿತು. ಮಾಳಿಗೆಯ ಮೇಲೆ ನಾಲ್ಕು ಕಲ್ಲಿಟ್ಟು, ಹಲಗೆ ಹಾಕಿ, ಅಚ್ಚನ್ನು ಕೂರಿಸಿ, ಮಾಸ್ತರರು ಹೇಳಿದಷ್ಟು ಎತ್ತರಕ್ಕೆ ಬೆಣೆ ಬಡಿದ. ಕಣ್ಣಿಡುವ ಕಡೆ ಕೊಳವೆಯೊಳಗೆ ಎರಡು ರೇಷ್ಮೆ ಎಳೆಗಳನ್ನು ಅಡ್ಡ ಉದ್ದ ಬಿಗಿದು ಅಂಟಿಸಿದ, ಚಿಕ್ಕಿ ನಿಂತಿದೆಯೋ ಸರಿದಿದೆಯೋ ತಿಳಿಯಲು. ಒಂದೇ ತೊಡಕು. ನಮ್ಮ ಸೀಮೆಯಲ್ಲಿ ಧ್ರುವ ಎತ್ತರಕ್ಕೆ ಏರುವವನಲ್ಲ, ನೆಲಕ್ಕೆ ಹತ್ತಿರವೇ ಇರುತ್ತಾನೆ. ನಮ್ಮ ಮಾಳಿಗೆಯಿಂದ ನೋಡಿದರೆ ಅವನಿರುವ ಜಾಗದಲ್ಲಿ ನೆರೆಯವರ ಬೇವಿನ ಮರ. ಕಾಕಾ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಧ್ರುವ ಕಾಣದಿದ್ದರೇನು, ಧ್ರುವನ ಗೋಡೆ ಇದೆಯಲ್ಲ! ಆ ಗೋಡೆಯೇ ಮಾಳಿಗೆಯ ಅಂಚಿಗೆ ಮೊಣಕಾಲೆತ್ತರ ಎದ್ದು ಆದ ಕುಂಬಿಗೆ ದಾರ ಹಿಡಿದು, ದಾರಕ್ಕೆ ಸರಿಯಾಗಿ ಅಚ್ಚು ಕೂರಿಸಿದ. ನಮ್ಮ ಮನೆಯಲ್ಲಿ ಹುಟ್ಟಿದ ಯಾರೇ ಆದರೂ ಹಾಗೆಯೇ ಮಾಡುತ್ತಿದ್ದರು.

ಅಮವಾಸ್ಯೆಯ ದಿನ ಮಗ್ಗಕ್ಕೆ ಬಿಡುವು. ಮಗ್ಗ ತೊಳೆದು ವಿಭೂತಿ ಹಚ್ಚಿ, ಲಾಳಿಯನ್ನು ಮಣೆಯ ಮೇಲಿಟ್ಟು ಪೂಜೆ ಮಾಡಿ, ಹೋಳಿಗೆಯೋ ಕಡುಬೋ ಮಾಡುತ್ತಿದ್ದೆವು. ಎಂದರೆ ಗಂಡಸರಿಗೆ ಬಿಡುವು, ಹೆಂಗಸರಿಗೆ ಇಮ್ಮಡಿ ಕೆಲಸ. ಅಂಥ ಒಂದು ಅಮವಾಸ್ಯೆಯ ಸಂಜೆ ಕಾಕಾ ಮೊದಲ ಸಲ ಅಚ್ಚು ಪರೀಕ್ಷೆ ಮಾಡಲು ಕೂತ. ಕತ್ತಲಾದರೆ ಕೊಳವೆಯೊಳಗಿನ ಎಳೆ ಕಾಣುವುದಿಲ್ಲ, ಕೊಳವೆಯ ಬಾಯಿಯ ಹತ್ತಿರ ಯಾರಾದರೂ ಸಣ್ಣಗೆ ಕಂದೀಲು ಹಿಡಿಯಬೇಕು. ಅಪ್ಪನನ್ನು ಕರೆದ, ಅಪ್ಪ ಕಾಲು ನೋವೆಂದ. ಅಜ್ಜ ಇದೆಲ್ಲ ಹುಡುಗಾಟ ಎಂದ. ಕಡೆಗೆ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತ.

"ವೈನಿ, ಒಂದೀಟು ಕಂದೀಲ ಹಿಡೀರಿ. ಜಾಸ್ತಿ ಹೊತ್ತಿಲ್ಲ."

ಅವ್ವ ಕೈಯ ಹಿಟ್ಟು ಒರೆಸಿಕೊಂಡು ಎದ್ದಳು. ಆಯಿ ಕಂಬ ಬಿಟ್ಟು ಮುಂದೆ ಬಂದಳು.

"ಹೊಟ್ಟಿಗೆ ಹಿಟ್ಟಿಲ್ಲ, ಚಿಕ್ಕಿ ಎಣಸ್ತಾನಂತ ನನ್ನ ಮಗ! ಮೈದುನನ ಕೂಡ ಸೊಸಿ ಮಾಳಗಿ ಏರಿದ್ರ ಓಣಿಯವರ ಬಾಯಾಗ ಏನ ತುರಕ್ಲಿ ನಾನು?"

"ಗಂಗೀನ್ನ ಕರಕೊಂಡು ಹೋಗ್ತೀನ್ರಿ ಅತ್ತಿ," ಎಂದು ಅವ್ವ ನನ್ನ ಕೈ ಹಿಡಿದು ನಿಚ್ಚಣಿಕೆ ಏರಿದಳು. ಅವಳು ಆಯಿಗೆ ಎದುರು ನಡೆದದ್ದು ಅದೇ ಮೊದಲು. ಚಿಕ್ಕಿ ನೋಡುವ ಆಸೆ ಅವಳಿಗಿರಲಿಲ್ಲ. ನಂತರ ನಾನೇ ಕೇಳಿದಾಗ ಹೇಳಿದಳು: ನಿಂತುಕೊಂಡು ಒಂದು ಕೈ ಸುಮ್ಮನೆ ಇಡಲು ಸಿಕ್ಕಿತ್ತು, ಅದಕ್ಕೆ ಹೋದೆ ಎಂದು.

ಕಾಕಾ ತೆಂಕಣ ದಿಕ್ಕಿನ ಒಂದು ದೊಡ್ಡ ಚಿಕ್ಕಿಯನ್ನು ಎಳೆಗಳು ಕೂಡುವಲ್ಲಿ ಹಿಡಿದ. ಅದರ ಹೆಸರು ಹೇಳಿದ್ದ, ಮರೆತಿದ್ದೇನೆ. ಹಿಡಿಕೆ ತಿರುವತೊಡಗಿದ. ಸ್ವಲ್ಪ ಹೊತ್ತಿಗೆ ಅದು ಅಡ್ಡ ಎಳೆ ಬಿಟ್ಟು ಮೇಲಕ್ಕೆ ಏರಿತು. ಮತ್ತೆ ಹಿಡಿದ, ಮತ್ತೆ ಏರಿತು. ಬೆಣೆ ಸಡಿಲವಾಗಿದೆ ಎಂದು ಬೆಣೆ ಬಡಿದ. ಅಂದು ಅಲ್ಲಿಗೇ ಬಿಟ್ಟು, ಮುಂದಿನ ದಿನಗಳಲ್ಲಿ ಹೊತ್ತು ಸಿಕ್ಕಾಗಲೆಲ್ಲ ಕೂತ. ಅಚ್ಚಿನ ಮರ ಬಾಗಿದೆ ಎಂದು ಮರ ಕೆತ್ತಿಸಿದ. ಕಲ್ಲು ಅಲುಗುತ್ತಿವೆ ಎಂದು ಕೆಸರು ಹಾಕಿ ಕೂರಿಸಿದ. ಕೊಳವೆಯ ಗಾಜೇ ಖೊಟ್ಟಿ ಎಂದು ಸೊಲ್ಲಾಪುರದ ಬಜಾರಿನವನನ್ನು ಬೈದ. ಕಡೆಗೆ ತನ್ನ ಕಣ್ಣಿಗೇ ದೋಷ ಬಂದಿದೆ ಎಂದು ಹೆದರಿದ. ಪ್ರತಿ ಸಲವೂ ಅವ್ವ ಕಂದೀಲು ಹಿಡಿದು ನಿಲ್ಲುತ್ತಿದ್ದಳು. ಕೆಲವೊಮ್ಮೆ ನಿಂತಲ್ಲೇ ತೂಕಡಿಸಿ ಕಂದೀಲು ಕೆಳಗಿಳಿಯುತ್ತಿತ್ತು. "ವೈನೀ, ಎಳಿ ಕಾಣವಲ್ದು," ಎಂದು ಕಾಕಾ ಕೂಗಿದರೆ ಮತ್ತೆ ಎತ್ತುತ್ತಿದ್ದಳು.

ಎಲೆ ಅಡಿಕೆಯ ಹಿಂದಿನ ದಿನ, ಅಮವಾಸ್ಯೆ, ಅವ್ವ ಬೆಳಗಿನಿಂದ ಹೂರಣ ರುಬ್ಬಿ, ಪೂಜೆಗೆ ಮಗ್ಗ ತೊಳೆದು, ಮರುದಿನ ಬರುವವರಿಗಾಗಿ ಪಡಸಾಲೆ ಸಾರಿಸಿದ್ದಳು. ತನ್ನ ಸವತಿಯ ಮಾತಿಗೆ ಬರುವವರಿಗಾಗಿ. ಸಂಜೆ ಕಾಕಾ ಕರೆದಾಗ ಬರಲಾರಳು ಎಂದುಕೊಂಡೆ, ಬಂದಳು. ಚಿಕ್ಕಿ ಎಂದಿನಂತೆ ಮೇಲಕ್ಕೆ ಏರಿತು. ಕಾಕಾ ತಲೆ ಮೇಲೆ ಕೈಹೊತ್ತು ಕೂತ.

"ಎಲ್ಲಾ ತಿರುವಿ ನೋಡಿದೆ ವೈನಿ. ಇನ್ನೇನೂ ಉಳಿದಿಲ್ಲ."

"ಗ್ವಾಡಿ ಉಳದೈತಲ್ಲ," ಅಂದಳು ಅವ್ವ.

"ಅಂದ್ರ?"

"ಏನ ಕೆಟ್ರೂ ಈ ಮನ್ಯಾಗ ಗ್ವಾಡೀದೊಂದ ತಪ್ಪಿಲ್ಲ ನೋಡಪಾ. ಉಳದವ್ರದ ಎಲ್ಲಾರದೂ ಐತಿ."

ಅವಳು ಯೋಚಿಸಿ ಹೇಳಿದ್ದಲ್ಲ, ದಣಿದು ಆಡಿದ್ದು. ಕಾಕಾ ಮಾತ್ರ ಬಾಯಿ ತೆರೆದುಕೊಂಡು ಅವಳನ್ನೇ ನೋಡಿದ. ಆಮೇಲೆ ಕುಂಬಿಯ ದಾರವನ್ನು ಕಿತ್ತೆಸೆದ. ಅಚ್ಚಿನ ಬಡಗಣ ತುದಿಯನ್ನು ಮೂಡಲಕ್ಕೆ ಸ್ವಲ್ಪ ಸರಿಸಿ ನೋಡಿದ; ಚಿಕ್ಕಿ ಮೇಲಕ್ಕೇರುವುದು ನಿಧಾನವಾಯಿತು. ಇನ್ನಷ್ಟು ಸರಿಸಿದ, ಇನ್ನೂ ನಿಧಾನವಾಯಿತು. ಒಂದು ಸಲ ಹೆಚ್ಚಾಗಿ ಸರಿಸಿಬಿಟ್ಟ, ಕೆಳಕ್ಕೆ ಇಳಿಯತೊಡಗಿತು. ಹಿಂದಕ್ಕೆ ಕೂದಲಷ್ಟು ತಂದ. ಆಮೇಲೆ ಹಿಡಿಕೆ ತಿರುವುತ್ತ ಕೂತ, ಕೂತೇ ಇದ್ದ. ಚಿಕ್ಕಿ ಎಳೆಗಳು ಕೂಡುವಲ್ಲೇ ನಿಂತಿತ್ತು. ನನ್ನನ್ನು ಕರೆದು ತೋರಿಸಿದ. ಅಚ್ಚು ಈಗ ಕುಂಬಿಗೆ ಎಷ್ಟು ಓರೆಯಾಗಿತ್ತೆಂದರೆ ಯಾರೋ ಕಾಲಿನಿಂದ ಒದ್ದು ಹೋದ ಹಾಗೆ ಕಾಣುತ್ತಿತ್ತು.

ಸುಮ್ಮನಿದ್ದರೆ ಅವನು ಕಾಕಾ ಅಲ್ಲ. ಪಡಸಾಲೆಯ ಮೇಲಿನ ಬೆಳಕಿಂಡಿಗೆ ಬಾಯಿಟ್ಟು ಕೂಗಿದ.

"ಅಪ್ಪಾ, ಮನಿ ಸೊಟ್ಟ ಐತಿ!"

ಕೆಳಗಿನಿಂದ ಅಜ್ಜನ ದನಿ ಬಂತು. "ನಿಮ್ಮವ್ವನ ಮಾರಿ ಸೊಟ್ಟ ಐತಿ."

"ನನ್ನ ಮಾರಿಗೆ ಯಾಕ ಬರ್ತೀರಿ?" ಇದು ಆಯಿ.

"ಬಂದು ನೋಡ್ರಿ ಖರೇನ!"

ಅಜ್ಜ ನಿಚ್ಚಣಿಕೆ ಏರಿ ಬಂದ. ಮಂಡಿ ಹಿಡಿದುಕೊಂಡು, ಬೈಯುತ್ತ, ಕೈಯಲ್ಲಿ ಹಾಸು ಹೂಡುವ ದಾರದ ಉಂಡೆ ಹಿಡಿದುಕೊಂಡು. ಕುಂಬಿಗೆ ತಾನೇ ದಾರ ಎಳೆದ, ಅಚ್ಚನ್ನು ದಾರಕ್ಕೆ ತಾನೇ ಕೂರಿಸಿದ, "ಈಗ ತಿರುವು" ಅಂದ. ಕಾಕಾ ತಿರುವಿದ, ಅಜ್ಜ ನೋಡಿದ, ಚಿಕ್ಕಿ ಮೇಲೇರಿ ಹೋಯಿತು. ಕಾಕಾ ಅಚ್ಚನ್ನು ತನ್ನ ಜಾಗಕ್ಕೆ ಸರಿಸಿ ಮತ್ತೆ ತಿರುವಿದ. ಅಜ್ಜ ದವಡೆಯಲ್ಲಿ ತಂಬಾಕು ಇಟ್ಟುಕೊಂಡು ನೋಡುತ್ತ ಕೂತ. ತಂಬಾಕು ಸಪ್ಪಗಾಗಿ ಉಗುಳಿದರೂ ಚಿಕ್ಕಿ ಅಲ್ಲೇ ಇತ್ತು. ಅವ್ವನ ಕೈಯಲ್ಲಿ ಕಂದೀಲಿತ್ತು, ಅದರ ಬೆಳಕು ಅವಳ ಮುಖಕ್ಕಿಂತ ಅಜ್ಜನ ಮುಖದ ಮೇಲೇ ಹೆಚ್ಚು ಬೀಳುತ್ತಿತ್ತು. ಅವನು ಅವಳತ್ತ ನೋಡದೆ ಇಳಿದು ಹೋದ.

ಎಲ್ಲರೂ ಊಟಕ್ಕೆ ಕೂತರು. ಅವ್ವ ಹೋಳಿಗೆ ಬಡಿಸಿ ತುಪ್ಪ ಹಾಕುತ್ತಿದ್ದಳು. ಅಜ್ಜ ತಟ್ಟೆ ನೋಡುತ್ತ, ಯಾರೂ ಕೇಳದಿದ್ದರೂ, ಹೇಳಿದ.

"ಆವತ್ತು ಮಾಡ ಮುಚ್ಚಿತ್ತು. ಚಿಕ್ಕಿ ಯಾವುದೂ ಕಂಡಿರಲಿಲ್ಲ. ಓಣಿ ಹ್ಯಾಂಗ ಇತ್ತೋ ಹಂಗ ದಾರ ಹಿಡದ್ವಿ."

ಆಯಿ ತುತ್ತನ್ನು ಕೈಯಲ್ಲೇ ಹಿಡಿದಳು. "ಮತ್ತ ಇಷ್ಟ ವರ್ಷ ಧ್ರುವ ಧ್ರುವ ಅಂತ ಕುಣದ್ರಿ?"

"ಅಪ್ಪ ಮಂದಿ ಮುಂದ ಹಂಗ ಹೇಳ್ತಿದ್ದ. ನಾನೂ ಹೇಳ್ದೆ."

"ನಿಮಗ ಗೊತ್ತಿತ್ತು."

"ಹೇಳಿ ಹೇಳಿ ಮರತಿದ್ದೆ."

ಅವನು ಸುಳ್ಳು ಹೇಳಿದನೆಂದು ನಾನು ಅಂದುಕೊಳ್ಳುವುದಿಲ್ಲ. ಮರೆತಿರಬಹುದು. ತನ್ನ ಕೈಯಲ್ಲಿದ್ದ ದಾರದ ತುದಿಯನ್ನು ಮರೆಯಲು ಬರುತ್ತದೆ, ಸೊಸೆಯ ಎಡಗಾಲನ್ನು ನೆನಪಿಡಲೂ ಬರುತ್ತದೆ. ಮನೆ ಅಂದರೆ ಹೀಗೇ ಇರುತ್ತದೆ. ಅವ್ವ ತುಪ್ಪದ ಗಿಂಡಿ ಹಿಡಿದು ನಿಂತೇ ಇದ್ದಳು. ಈಗ ಯಾರಾದರೂ ಅವಳ ಹೆಸರು ಹಿಡಿದು ಒಂದು ಮಾತು ಆಡುತ್ತಾರೆಂದು ನಾನು ಕಾದೆ. ಆಯಿಯ ಲೆಕ್ಕ ಮಾತ್ರ ಬೇರೆ ಕಡೆ ಓಡಿತ್ತು.

"ಅಂದ್ರ ಮಗ್ಗಾನೂ ಸೊಟ್ಟ ಕುಂತೈತಿ," ಅಂದಳು. "ಸೊಟ್ಟ ಮಗ್ಗದ ಮ್ಯಾಲೆ ಕುಂತು ನೇಯ್ದ್ರ ವಂಶದ ಎಳಿ ಹರೀದ ಇರತೈತೇನು? ಅಯ್ಯ ನನ ಶಿವನ, ಅದಕ್ಕ ಹಿಂಗ ಆಗೇತಿ!"

ಅಜ್ಜನಿಗೆ ಅದೊಂದು ದಾರಿ ಸಿಕ್ಕ ಹಾಗಾಯಿತು. "ಮೊದಲ ಕುಣಿ ನೆಟ್ಟಗಾಗ್ಲಿ. ಶಿವಪುತ್ರಾ, ನಾಳೆ ಲಗೂನ ಹೋಗಿ ಹೊಳೆಮಣ್ಣೂರಿನವರಿಗೆ ಸದ್ಯಕ್ಕ ಬರಬ್ಯಾಡ್ರಿ ಅಂತ ಹೇಳು. ಕುಣಿ ಬದಲು ಮಾಡಾಕ್ಹತ್ತೀವಿ ಅನ್ನು."

ಅವ್ವನ ಸವತಿ ತಪ್ಪಿದ್ದು ಹೀಗೆ. ಅವಳ ಕಾಲು ನೆಟ್ಟಗಿತ್ತೆಂದು ಯಾರೂ ಒಪ್ಪಲಿಲ್ಲ. ಒಂದು ಹುಚ್ಚು ಮಾತಿನ ಜಾಗಕ್ಕೆ ಇನ್ನೊಂದು ಹುಚ್ಚು ಮಾತು ಬಂದು ಕೂತಿತು, ಅಷ್ಟೇ. ಚಿಕ್ಕಿ ಕೊಳವೆಯೊಳಗೆ ನಿಂತದ್ದಕ್ಕೂ ಕೂಸುಗಳು ಹೋದದ್ದಕ್ಕೂ ಏನು ಸಂಬಂಧ ಎಂದು ಕಾಕಾ ಕೇಳಲು ಬಾಯಿ ತೆರೆದಿದ್ದ. ಅವ್ವ ಅವನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿ, "ಉಣ್ಣಪಾ," ಅಂದಳು. ಅವನು ಬಾಯಿ ಮುಚ್ಚಿಕೊಂಡು ಉಂಡ.

ಅದರ ಬೆಲೆಯನ್ನು ದುಡಿದು ತೀರಿಸಿದವಳೂ ಅವಳೇ. ಮಗ್ಗ ಬಿಚ್ಚಿದರು, ಹಳೆಯ ಕುಣಿ ಮುಚ್ಚಿದರು, ಕಾಕಾ ಮಾಳಿಗೆಯ ಅಚ್ಚಿನ ನೇರಕ್ಕೆ ಮಗ್ಗದ ಕೋಣೆಯ ಬೆಳಕಿಂಡಿಯೊಳಗೆ ಎರಡು ತೂಗುದಾರ ಇಳಿಬಿಟ್ಟು ನೆಲದ ಮೇಲೆ ಧ್ರುವನ ಗೆರೆ ಎಳೆದ. ಆ ಗೆರೆ ಹಿಡಿದು ಹೊಸ ಕುಣಿ ತೋಡಿದರು. ಗಂಡಸರು ತೋಡಿದರು, ಅವ್ವ ಬುಟ್ಟಿಯಲ್ಲಿ ಮಣ್ಣು ಹೊತ್ತಳು, ನಾನು ಸಣ್ಣ ಬುಟ್ಟಿಯಲ್ಲಿ ಹೊತ್ತೆ. ಆಮೇಲೆ ಅವಳೇ ನೆಲ ಮೆತ್ತಿ ಸಾರಿಸಿದಳು. ರಾತ್ರಿ ಅವಳ ಬೆನ್ನಿಗೆ ಬಿಸಿನೀರು ಹಾಕುವಾಗ ಅಳುತ್ತಾಳೇನೋ ಎಂದು ನೋಡಿದೆ. ಇಲ್ಲ, ಕೂತಲ್ಲೇ ನಿದ್ದೆ ಹೋಗಿದ್ದಳು. ಮುಂದೆ ಹುಟ್ಟಿದ್ದು ನನ್ನ ತಂಗಿ. ಗಂಡಾಗಲಿಲ್ಲವೆಂದು ಆಯಿ ಎರಡು ದಿನ ಉಣ್ಣಲಿಲ್ಲ. ಆದರೆ ಕೂಸು ಗಟ್ಟಿ ಅತ್ತಿತು, ಬದುಕಿತು, ಮತ್ತು ಅಷ್ಟು ಹೊತ್ತಿಗೆ ಹೊಳೆಮಣ್ಣೂರಿನವರು ಮಗಳನ್ನು ನರಗುಂದದ ಕಡೆ ಕೊಟ್ಟು ಮುಗಿಸಿದ್ದರು. ಆ ಹುಡುಗಿಯನ್ನು ನಾನು ಎಂದೂ ನೋಡಲಿಲ್ಲ. ಅವಳಿಗೂ ಒಳ್ಳೆಯದೇ ಆಯಿತೆಂದು ಅಂದುಕೊಂಡಿದ್ದೇನೆ.

ಆದರೆ ನಾನು ಹೇಳಬೇಕೆಂದಿದ್ದು ಮಗ್ಗ ಮತ್ತೆ ಹೂಡಿದ ದಿನದ ಮಾತು. ಧ್ರುವನ ಗೆರೆಗೆ ಕೂತ ಮಗ್ಗ ಓಣಿಯ ಗೆರೆಗೆ ಕೂತ ಗೋಡೆಗೆ ಹೊಂದಲಿಲ್ಲ. ಅಪ್ಪ ಕೂಡುವ ತುದಿಯಲ್ಲಿ ಗೋಡೆಗೆ ತಾಗುತ್ತಿತ್ತು. ಹಾಸಿನ ಉದ್ದ ಎಳೆಗಳು ಹೋಗಿ ಮುಗಿಯುವ ಆಚೆಯ ತುದಿಯಲ್ಲಿ ಮಗ್ಗಕ್ಕೂ ಗೋಡೆಗೂ ನಡುವೆ ಜಾಗ ಬಿಟ್ಟುಕೊಂಡಿತು. ಅಂಗಿಯ ಕಂಕುಳಿಗೆ ಇಡುವ ತುಂಡುಬಟ್ಟೆಯಂತೆ ಮೂರು ಮೂಲೆಯ ಜಾಗ, ಒಬ್ಬರು ಕಾಲು ಚಾಚಿ ಕೂಡುವಷ್ಟು. ಎಲ್ಲರೂ ನಿಂತು ನೋಡಿದೆವು. ಆಯಿಗೆ ಸಂಕಟವಾಯಿತು.

"ಇಷ್ಟ ಜಾಗಾ ಸುಮ್ಮನ ಹೋತಲ್ಲೋ. ಜ್ವಾಳದ ಗುಮ್ಮಿ ತಂದಿಡ್ರಿ ಇಲ್ಲೆ."

ಕಾಕಾ ಕಾಳು ತುಂಬಿಡುವ ಆ ಗುಮ್ಮಿ ತರಲು ತಿರುಗಿದ. ಅವ್ವ ಕೈಯಲ್ಲಿ ಸಾರಿಸುವ ಅರಿವೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅರಿವೆಯನ್ನು ಬಕೀಟಿಗೆ ಹಾಕಿದಳು. ಮಗ್ಗ ದಾಟಬಾರದೆಂದು ಅದರ ಸುತ್ತ ಬಳಸಿ ಹೋಗಿ, ಆ ಮೂಲೆಯಲ್ಲಿ ಇಳಿದು ಕೂತಳು. ಬೆನ್ನನ್ನು 'ಧ್ರುವನ ಗೋಡೆ'ಗೆ ಕೊಟ್ಟಳು, ಕಾಲು ಚಾಚಿದಳು. ಸೀರೆಯ ಅಂಚಿಗೆ ಇನ್ನೂ ಹಸಿ ಮಣ್ಣು ಅಂಟಿತ್ತು.

"ಇಲ್ಲೇನೂ ಇಡೂದ ಬ್ಯಾಡ್ರಿ," ಅಂದಳು.

ಆಯಿ ಅಜ್ಜನ ಮುಖ ನೋಡಿದಳು. ಅಜ್ಜ ಗೋಡೆ ನೋಡಿದ. ಕುಣಿಗೆ ಇಳಿಯುತ್ತಿದ್ದ ಅಪ್ಪ ಒಮ್ಮೆ ಆ ಕಡೆ ಕತ್ತೆತ್ತಿ, "ಇರ್ಲಿ ಬಿಡವ್ವಾ, ಆಕಿ ಕುಂದರ್ಲಿ," ಅಂದ. ಅವನು ಅವಳ ಪರವಾಗಿ ಆಡಿದ್ದನ್ನು ನಾನು ಕೇಳಿದ್ದು ಅದೊಂದೇ ಮಾತು. ಆಮೇಲೆ ಲಾಳಿ ಎಸೆದ. ಅವ್ವ ಕಣ್ಣು ಮುಚ್ಚಿದಳು. ಒಲೆಯ ಮೇಲೆ ಬೇಳೆ ಉಕ್ಕುವ ಸದ್ದು ಎಲ್ಲರಿಗೂ ಕೇಳಿಸಿತು, ಅವಳಿಗೂ ಕೇಳಿಸಿರಬೇಕು. ಅವಳು ಏಳಲಿಲ್ಲ. ಎದ್ದು ಹೋಗಿ ಬೇಳೆ ಇಳಿಸಿದವಳು ಆಯಿ.